‘ನೀವು ಬರೀ ಕ್ಯಾರಿಯರ್’ ಅನ್ನುವ ಮಾತು ಮತ್ತು ಐಎಫ್‌ಟಿ140 ಎಂಬ ಜೀನ್

ಹೊಟ್ಟೆನೋವಿಗೋ, ಪಿತ್ತಕೋಶದ ಕಲ್ಲಿಗೋ, ಆಫೀಸಿನ ಹೆಲ್ತ್ ಚೆಕಪ್‌ಗೋ ಸ್ಕ್ಯಾನ್ ಮಾಡಿಸಲು ಹೋಗಿರುತ್ತಾರೆ. ಹುಡುಕಿದ್ದು ಏನೂ ಸಿಗುವುದಿಲ್ಲ. ಆದರೆ ರಿಪೋರ್ಟಿನ ಕೆಳಗೆ ಒಂದು ಸಾಲು ಇರುತ್ತದೆ: ಎರಡೂ ಕಿಡ್ನಿಯಲ್ಲಿ ಸಿಸ್ಟ್‌ಗಳು, ಅಂದರೆ ನೀರು ತುಂಬಿದ ಗುಳ್ಳೆಗಳು. ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದರೆ ‘ಪಾಲಿಸಿಸ್ಟಿಕ್ ಕಿಡ್ನಿ’ ಅನ್ನುವ ಹೆಸರು ಬರುತ್ತದೆ. ಅದರ ಬೆನ್ನಿಗೇ ಡಯಾಲಿಸಿಸ್, ಕಿಡ್ನಿ ಕಸಿ. ಅವತ್ತಿನ ನಿದ್ದೆ ಹೋಯಿತು.

ಹೆದರಿಕೆಗೆ ಕಾರಣ ಇಲ್ಲದೆ ಇಲ್ಲ. ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಪಾಲಿಸಿಸ್ಟಿಕ್ ಕಿಡ್ನಿ ರೋಗ, ಅಂದರೆ ವೈದ್ಯರು ಎಡಿಪಿಕೆಡಿ ಅನ್ನುವುದು, ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಇದೆ ಎಂಬ ಅಂದಾಜಿದೆ. ಇದರಲ್ಲಿ ಜಾಸ್ತಿ ಪಾಲು ಪಿಕೆಡಿ1 ಎಂಬ ಜೀನ್‌ನ ದೋಷದ್ದು. ಉಳಿದದ್ದರಲ್ಲಿ ಹೆಚ್ಚಿನದು ಪಿಕೆಡಿ2ದು. ಈ ಜೀನ್‌ಗಳು ಸಿಕ್ಕಿದ್ದು 1990ರ ದಶಕದ ನಡುವೆ. ಆಮೇಲೆ ಇಪ್ಪತ್ತು ವರ್ಷ ‘ಈ ರೋಗಕ್ಕೆ ಎರಡು ಜೀನ್’ ಅನ್ನುವುದೇ ಪಾಠವಾಗಿತ್ತು. ಪರೀಕ್ಷೆ ಮಾಡಿದಾಗ ಎರಡೂ ಸರಿಯಾಗಿದ್ದ ಕುಟುಂಬಗಳು ಆಗಲೂ ಇದ್ದವು. ಎಲ್ಲೋ ತಪ್ಪಿಹೋಗಿರಬೇಕು ಅಂತ ಅವರನ್ನು ಪಕ್ಕಕ್ಕಿಡುತ್ತಿದ್ದರು.

2022ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಹೀಗೆ ಪಕ್ಕಕ್ಕಿಟ್ಟವರನ್ನು ಮತ್ತೆ ನೋಡಿತು. ಅಮೆರಿಕ ಮತ್ತು ಯುರೋಪಿನ ಹಲವು ಕೇಂದ್ರಗಳು ಅದರಲ್ಲಿ ಸೇರಿದ್ದವು. ಹನ್ನೆರಡು ಕುಟುಂಬಗಳಲ್ಲಿ, ಜೊತೆಗೆ ಬಿಡಿಬಿಡಿಯಾಗಿ ಬಂದ 26 ಜನರಲ್ಲಿ ಕೆಟ್ಟಿದ್ದು ಐಎಫ್‌ಟಿ140 ಎಂಬ ಜೀನ್. ತಜ್ಞರಿಗೆ ಇದು ಹೊಸ ಹೆಸರೇನಲ್ಲ. ಆದರೆ ಅದನ್ನು ಇಟ್ಟಿದ್ದ ಕಪಾಟು ಬೇರೆ. ಅದು ಮಕ್ಕಳಿಗೆ ಬರುವ ಅಪರೂಪದ ರೋಗದ ಜೀನ್ ಆಗಿತ್ತು. ನಮ್ಮಲ್ಲಿ ಇಂಥ ಜೀನ್‌ಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತವೆ. ಎರಡೂ ಪ್ರತಿ ಕೆಟ್ಟರೆ ಮಾತ್ರ ತೊಂದರೆ, ಒಂದೇ ಕೆಟ್ಟವರು ‘ಬರೀ ಕ್ಯಾರಿಯರ್’, ಅವರಿಗೆ ಏನೂ ಆಗುವುದಿಲ್ಲ ಅಂತ ಹೇಳುತ್ತಿದ್ದರು. ಆ ಮಾತನ್ನೇ ಈಗ ತಿದ್ದಬೇಕಾಗಿದೆ. ಎಷ್ಟು ತಿದ್ದಬೇಕು ಅನ್ನುವುದೇ ಈ ಲೇಖನದ ವಿಷಯ. ಅತಿಯಾಗಿ ತಿದ್ದಿದರೂ ಅಪಾಯ ಇದೆ.

ಈ ಜೀನ್ ಮಾಡುವ ಕೆಲಸ ಏನು ಅಂತ ಮೊದಲು ನೋಡೋಣ. ಅದು ಗೊತ್ತಾದರೆ ಒಂದೇ ಜೀನ್ ಕಣ್ಣು, ಮೂಳೆ, ಕಿಡ್ನಿ, ವೀರ್ಯ ಎಲ್ಲದಕ್ಕೂ ಯಾಕೆ ಕೈ ಹಾಕುತ್ತದೆ ಅನ್ನುವುದು ತಾನಾಗಿ ತಿಳಿಯುತ್ತದೆ.

ನಮ್ಮ ದೇಹದ ಬಹುಪಾಲು ಜೀವಕೋಶಗಳ ಮೇಲೆ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಸಿಲಿಯಾ ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಲೋಮಾಂಗ ಅಂತ ಓದಿದ ನೆನಪಿರಬಹುದು. ಅದರ ಉದ್ದನೆಯ ಅಣ್ಣ ಕಶಾಂಗ, ಅಂದರೆ ವೀರ್ಯಾಣುವಿನ ಬಾಲ. ಶ್ವಾಸನಾಳದಲ್ಲಿ ಇರುವಂಥವು ಅಲ್ಲಾಡುತ್ತವೆ, ಕಫ ತಳ್ಳುತ್ತವೆ. ಕಿಡ್ನಿಯ ನಾಳಗಳ ಒಳಗೋಡೆಯಲ್ಲಿ ಇರುವುದು ಅಲ್ಲಾಡುವುದಿಲ್ಲ. ಪ್ರತಿ ಕೋಶಕ್ಕೆ ಒಂದೊಂದು, ಸುಮ್ನೆ ನಿಂತಿರುತ್ತದೆ. ವಿಜ್ಞಾನಿಗಳು ಅದನ್ನು ಬಹಳ ಕಾಲ ಕೆಲಸಕ್ಕೆ ಬಾರದ ಪಳೆಯುಳಿಕೆ ಅಂದುಕೊಂಡಿದ್ದರು. ಸುಮ್ನೆ ನಿಂತವರು ಸುಮ್ಮನಿರುತ್ತಾರೆ ಅಂದುಕೊಳ್ಳುವುದು ನಮ್ಮೆಲ್ಲರ ತಪ್ಪು, ಅಲ್ವಾ? ಅದು ಕೋಶದ ಆಂಟೆನಾ. ಹೊರಗಿನ ಸುದ್ದಿ ಹಿಡಿದು ಒಳಗೆ ಕಳಿಸುತ್ತದೆ.

ಈ ಕಡ್ಡಿಗೆ ಒಂದು ತಾಪತ್ರಯ ಇದೆ. ಅದರೊಳಗೆ ಪ್ರೋಟೀನ್ ತಯಾರಿಸುವ ವ್ಯವಸ್ಥೆ ಇಲ್ಲ. ಬೇಕಾದ ಪ್ರತಿಯೊಂದು ವಸ್ತುವೂ ಕೋಶದ ಒಳಗಿನಿಂದ ಬರಬೇಕು. ಕಡ್ಡಿ ಬೆಳೆಯುವುದು ತುದಿಯಲ್ಲಿ. ಹಾಗಾಗಿ ಇಟ್ಟಿಗೆಯನ್ನು ಬುಡದಿಂದ ತುದಿಯವರೆಗೆ ಹೊತ್ತುಕೊಂಡು ಹೋಗಬೇಕು. ಖಾಲಿಯಾದದ್ದನ್ನು, ಹಳತಾದದ್ದನ್ನು ವಾಪಸ್ ತರಬೇಕು.

ಈ ಸಾಗಾಟ ಕಣ್ಣಿಗೆ ಬಿದ್ದ ಕಥೆ ಚೆನ್ನಾಗಿದೆ. ಕ್ಲಮಿಡೊಮೊನಾಸ್ ಅಂತ ಒಂದು ಹಸಿರು ಪಾಚಿ ಇದೆ. ಒಂದೇ ಕೋಶದ ಜೀವಿ, ಎರಡು ಬಾಲ. ಬಾಲ ಕತ್ತರಿಸಿದರೆ ಒಂದೆರಡು ಗಂಟೆಯಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಯಲ್ ರೋಸೆನ್‌ಬಾಮ್ ಎಂಬವರ ಪ್ರಯೋಗಾಲಯ ಇದರ ಬೆನ್ನು ಹತ್ತಿತ್ತು. ಅಲ್ಲಿನ ವಿದ್ಯಾರ್ಥಿ ಕೀತ್ ಕೊಜ್ಮಿನ್‌ಸ್ಕಿ ಒಳ್ಳೆಯ ಸೂಕ್ಷ್ಮದರ್ಶಕದ ಕೆಳಗೆ ಪಾಚಿಯ ಬಾಲವನ್ನು ಇಟ್ಟು ನೋಡಿದರು. ಬಾಲ ಬಡಿಯುತ್ತಿದ್ದರೆ ಒಳಗೆ ಏನೂ ಕಾಣುವುದಿಲ್ಲ. ಹಾಗಾಗಿ ಬಾಲ ಅಲ್ಲಾಡಿಸಲಾಗದ ತಳಿಯನ್ನು ಬಳಸಿದರು. ಬಾಲದ ಉದ್ದಕ್ಕೂ ಸಣ್ಣ ಸಣ್ಣ ಗುಂಡುಗಳು ಓಡಾಡುತ್ತಿದ್ದವು. ಮೇಲಕ್ಕೆ ಹೋಗುವಾಗ ಸೆಕೆಂಡಿಗೆ ಸುಮಾರು 2 ಮೈಕ್ರಾನ್ ವೇಗ, ಕೆಳಕ್ಕೆ ಬರುವಾಗ 3.5ರ ಆಸುಪಾಸು. ನಿಲ್ಲದೆ, ಬಿಡುವಿಲ್ಲದೆ. ಇದು ಪ್ರಕಟವಾದದ್ದು 1993ರಲ್ಲಿ.

ಸಾಲುಗಟ್ಟಿ ಸಾಗುವ ಈ ಗುಂಡುಗಳನ್ನು ವಿಜ್ಞಾನಿಗಳು ನಿಜವಾಗಿಯೂ ‘ಟ್ರೈನ್’ ಅಂತಲೇ ಕರೆಯುತ್ತಾರೆ. ಹಳಿಯೂ ಇದೆ. ಕಡ್ಡಿಯೊಳಗೆ ಒಂಬತ್ತು ಜೋಡಿ ನಳಿಕೆಗಳು ನಿಂತಿರುತ್ತವೆ. 2016ರಲ್ಲಿ ಪಾಚಿಯಲ್ಲಿ ಗೊತ್ತಾದ ವಿಷಯ ಏನೆಂದರೆ, ಪ್ರತಿ ಜೋಡಿಯಲ್ಲಿ ಒಂದು ನಳಿಕೆ ಹೋಗುವ ಟ್ರೈನಿಗೆ, ಇನ್ನೊಂದು ಬರುವ ಟ್ರೈನಿಗೆ. ಪಕ್ಕಾ ಜೋಡಿ ಹಳಿ, ಡಿಕ್ಕಿಯ ಮಾತೇ ಇಲ್ಲ. ಎಂಜಿನ್‌ಗಳೂ ಎರಡು. ಹೋಗುವಾಗ ಕೈನೆಸಿನ್-2, ಬರುವಾಗ ಡೈನೀನ್-2. ಬೋಗಿಗಳು ಎರಡು ಗುಂಪಿನ ಪ್ರೋಟೀನ್‌ಗಳಿಂದ ಆಗಿವೆ. ಬಿ ಗುಂಪಿನಲ್ಲಿ ಹದಿನಾರು, ಎ ಗುಂಪಿನಲ್ಲಿ ಆರು. ನಮ್ಮ ಐಎಫ್‌ಟಿ140 ಎ ಗುಂಪಿನದು. ಟ್ರೈನ್ ವಾಪಸ್ ಬರಲು ಈ ಗುಂಪು ಬೇಕೇ ಬೇಕು. ಕೋಶದ ಕೆಲವು ಸಂಕೇತ ಪ್ರೋಟೀನ್‌ಗಳನ್ನು ಕಡ್ಡಿಯೊಳಕ್ಕೆ ಬಿಟ್ಟುಕೊಳ್ಳುವ ಗೇಟಿನ ಕೆಲಸವೂ ಇದರದ್ದೇ. ಎ ಗುಂಪು ಕೆಟ್ಟ ಕಡ್ಡಿಗಳ ಚಿತ್ರ ನೋಡಿದರೆ ತುದಿ ಉಬ್ಬಿರುತ್ತದೆ. ಹೋದ ಸರಕು ಹಿಂದಿರುಗದೆ ಅಲ್ಲೇ ರಾಶಿ ಬಿದ್ದಿರುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಐಎಫ್‌ಟಿ ಅನ್ನುವುದು ಈ ಸಾಗಾಟದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. 140 ಅನ್ನುವುದು ಪ್ರೋಟೀನ್‌ನ ತೂಕದ ಲೆಕ್ಕ. ಅಂದರೆ ಪಾಚಿಯ ಪ್ರೋಟೀನ್‌ನ ತೂಕ. ಮನುಷ್ಯರದ್ದು ಅದಕ್ಕಿಂತ ಭಾರ. ಆದರೂ ಹೆಸರು ಮಾತ್ರ ಪಾಚಿಯದ್ದೇ ಉಳಿದಿದೆ.

ಪಾಚಿಗೂ ಕಿಡ್ನಿಗೂ ನಂಟು ಗೊತ್ತಾದದ್ದು 2000ದಲ್ಲಿ. ಅಮೆರಿಕದ ಓಕ್ ರಿಜ್‌ನಲ್ಲಿ ಬೆಳೆಸಿದ ಒಂದು ಇಲಿ ತಳಿಗೆ ಕಿಡ್ನಿ ತುಂಬಾ ಸಿಸ್ಟ್ ಬರುತ್ತಿತ್ತು. ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಿತ್ತು, ಅದು ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಪಾಚಿಯ ಟ್ರೈನಿನಲ್ಲಿರುವ ಐಎಫ್‌ಟಿ88 ಎಂಬ ಪ್ರೋಟೀನನ್ನು ಓದುತ್ತಿದ್ದ ಗುಂಪಿಗೆ ಅದು ಆ ಇಲಿಯ ಜೀನ್‌ನ ಜೋಡಿ ಅಂತ ತಿಳಿಯಿತು. ಇಲಿಯ ಕಿಡ್ನಿ ನೋಡಿದರೆ ಸಿಲಿಯಾ ಮೊಟಕಾಗಿದ್ದವು. ಪಳೆಯುಳಿಕೆ ಅನ್ನಿಸಿಕೊಂಡಿದ್ದ ಕಡ್ಡಿ ಒಂದೇ ಪ್ರಬಂಧದಲ್ಲಿ ಕಿಡ್ನಿ ರೋಗದ ನಟ್ಟನಡುವೆ ಬಂದು ಕೂತಿತು. ಪಿಕೆಡಿ1, ಪಿಕೆಡಿ2 ಪ್ರೋಟೀನ್‌ಗಳು ಇರುವುದೂ ಈ ಕಡ್ಡಿಯ ಮೇಲೇ ಅಂತ ಆಮೇಲೆ ಖಚಿತವಾಯಿತು.

ಈಗ ಐಎಫ್‌ಟಿ140ರ ಹಳೆಯ ಕಪಾಟಿಗೆ ಬರೋಣ. ಎರಡೂ ಪ್ರತಿ ಕೆಟ್ಟ ಮಕ್ಕಳಿಗೆ ಬರುವ ತೊಂದರೆಗೆ ಬೇರೆ ಬೇರೆ ಹೆಸರುಗಳಿವೆ. ಎದೆಗೂಡು ಕಿರಿದಾಗಿ, ಕೈಕಾಲು ಗಿಡ್ಡವಾಗಿ, ಉಸಿರಾಟಕ್ಕೇ ಕಷ್ಟವಾಗುವುದು ಒಂದು. 1955ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯರ ಹೆಸರಿನಲ್ಲಿ ಅದನ್ನು ಜ್ಯೂನ್ ಸಿಂಡ್ರೋಮ್ ಅನ್ನುತ್ತಾರೆ. ಬೆರಳಿನ ಮೂಳೆಯ ತುದಿ ಶಂಕುವಿನ ಆಕಾರಕ್ಕೆ ತಿರುಗಿ, ಕಣ್ಣಿನ ಪರದೆ ಸವೆದು, ಚಿಕ್ಕ ವಯಸ್ಸಿಗೇ ಕಿಡ್ನಿ ಸೋಲುವುದು ಇನ್ನೊಂದು. ಅದು ಮೈನ್ಜರ್-ಸಾಲ್ಡಿನೋ ಸಿಂಡ್ರೋಮ್. ಇದರ ಹಿಂದೆ ಐಎಫ್‌ಟಿ140 ಇದೆ ಅಂತ 2012ರಲ್ಲಿ ತೋರಿಸಿದರು. ಕೆಲವರಲ್ಲಿ ಮೂಳೆ, ಕಿಡ್ನಿ ಎರಡೂ ಚೆನ್ನಾಗಿದ್ದು ಕಣ್ಣು ಮಾತ್ರ ಹೋಗುತ್ತದೆ. ರಾತ್ರಿ ಕುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಅದು. ಗಂಡಸರಲ್ಲಿ ವೀರ್ಯಾಣುವಿನ ಬಾಲ ಸರಿಯಾಗಿ ಬೆಳೆಯದೆ ಮಕ್ಕಳಾಗದ ಉದಾಹರಣೆಗಳೂ ವರದಿಯಾಗಿವೆ.

ಕಣ್ಣಿಗೆ ಯಾಕೆ ಇಷ್ಟು ಪೆಟ್ಟು? ಬೆಳಕು ಹಿಡಿಯುವ ಕೋಶದ ಹೊರಭಾಗವೇ ರೂಪ ಬದಲಿಸಿಕೊಂಡ ಒಂದು ಸಿಲಿಯಾ. ಅದು ದಿನಾ ಹತ್ತನೇ ಒಂದು ಭಾಗ ಸವೆದು, ಅಷ್ಟೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹತ್ತು ದಿನಕ್ಕೆ ಪೂರ್ತಿ ಹೊಸದು. ಅಷ್ಟು ಸರಕು ಒಂದು ಇಕ್ಕಟ್ಟಾದ ಕೊರಳಿನ ಮೂಲಕ ಹೋಗಬೇಕು. ಅಲ್ಲಿ ಸಾಗಾಟ ಕುಂಟಿದರೆ ದೇಹದ ಬೇರೆಲ್ಲ ಕಡೆಗಿಂತ ಮೊದಲು ಗೊತ್ತಾಗುತ್ತದೆ.

ಹಾಗಾದರೆ ಒಂದು ಪ್ರತಿ ಕೆಟ್ಟವರ ಕಥೆ? ಅವರಿಗೆ ಮೂಳೆ ಸರಿ, ಕಣ್ಣು ಸರಿ. ಪ್ರತಿ ಕೋಶದಲ್ಲೂ ಒಂದು ಒಳ್ಳೆಯ ಪ್ರತಿ ಇರುವುದರಿಂದ ಟ್ರೈನ್ ಓಡುತ್ತದೆ. ಆದರೆ ಕಿಡ್ನಿಯಲ್ಲಿ ಕೋಟಿಗಟ್ಟಲೆ ಕೋಶಗಳಿವೆ. ವಯಸ್ಸಾದಂತೆ ಎಲ್ಲೋ ಒಂದು ಕೋಶದಲ್ಲಿ ಆ ಉಳಿದ ಪ್ರತಿಯೂ ಕೆಡಬಹುದು. ಆ ಒಂದು ಕೋಶ, ಅದರ ಸಂತಾನ ಸೇರಿ ಒಂದು ಸಿಸ್ಟ್ ಆಗುತ್ತದೆ. ಎರಡನೇ ಪೆಟ್ಟು ಅಂತ ಕರೆಯುವ ಈ ವಿವರಣೆ ಪಿಕೆಡಿ1ಕ್ಕೆ ಹಿಂದಿನಿಂದಲೂ ಇದೆ. ಇಲ್ಲಿಗೂ ಅದು ಹೊಂದುತ್ತದೆ ಅನ್ನುವುದು ಈಗಿನ ತಿಳಿವಳಿಕೆ.

ಆದರೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಪಿಕೆಡಿ1 ಪೂರ್ತಿ ಕೆಟ್ಟ ಕುಟುಂಬಗಳಲ್ಲಿ ಕಿಡ್ನಿ ಸೋಲುವುದು ಸುಮಾರು 55ರ ವಯಸ್ಸಿಗೆ. ಪಿಕೆಡಿ2 ಆದರೆ 79ರ ಹತ್ತಿರ. ಇವು ಫ್ರಾನ್ಸಿನ ರೋಗಿಗಳ ಒಂದು ದೊಡ್ಡ ಗುಂಪಿನ ಲೆಕ್ಕ. ಐಎಫ್‌ಟಿ140ರಲ್ಲಿ ಕಿಡ್ನಿ ಸೋಲುವುದೇ ಅಪರೂಪ. ಸಿಸ್ಟ್‌ಗಳು ಕೆಲವೇ, ಆದರೆ ದೊಡ್ಡವು. ಎರಡು ಕಿಡ್ನಿಯಲ್ಲಿ ಸಮನಾಗಿ ಇರುವುದಿಲ್ಲ. ಲಿವರ್‌ನಲ್ಲಿ ಸಿಸ್ಟ್ ಕಡಿಮೆ.

ಯಾಕೆ ಇಷ್ಟು ಸೌಮ್ಯ? ಇಲಿಗಳ ಮೇಲೆ ಯೇಲ್‌ನಲ್ಲೇ ನಡೆದು 2013ರಲ್ಲಿ ಪ್ರಕಟವಾದ ಒಂದು ಕೆಲಸ ಸುಳಿವು ಕೊಡುತ್ತದೆ. ಪಿಕೆಡಿ ಪ್ರೋಟೀನ್ ಮಾತ್ರ ತೆಗೆದರೆ ಸಿಸ್ಟ್ ಭರಭರನೆ ಬೆಳೆಯುತ್ತವೆ. ಅದರ ಜೊತೆಗೆ ಸಿಲಿಯಾವನ್ನೂ ತೆಗೆದರೆ ಬೆಳವಣಿಗೆ ತಗ್ಗುತ್ತದೆ! ಅಂದರೆ ಕಡ್ಡಿ ಗಟ್ಟಿಯಾಗಿದ್ದು ಅದರ ಮೇಲಿನ ಪ್ರೋಟೀನ್ ಮಾತ್ರ ಇಲ್ಲವಾದಾಗ ಅದು ತಪ್ಪು ಸುದ್ದಿಯನ್ನು ಜೋರಾಗಿ ಕೂಗುತ್ತದೆ. ಕಡ್ಡಿಯೇ ಕೆಟ್ಟರೆ ಕೂಗುವ ಶಕ್ತಿಯೂ ಕಡಿಮೆ. ಐಎಫ್‌ಟಿ140 ಕೆಟ್ಟಾಗ ಹಾಳಾಗುವುದು ಕಡ್ಡಿಯೇ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ.

ಸರಿ, ಸೌಮ್ಯ ಅಂದಮೇಲೆ ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳಬಹುದು. ಸೌಮ್ಯ ಅಂತ ಗೊತ್ತಾಗದೆ ಹೋದರೆ ಏನಾಗುತ್ತದೆ ನೋಡಿ.

ಕಿಡ್ನಿ ವೈದ್ಯರು ರೋಗ ಎಷ್ಟು ಬೇಗ ಮುಂದುವರಿಯುತ್ತದೆ ಅಂತ ಅಂದಾಜು ಮಾಡಲು ಕಿಡ್ನಿಯ ಗಾತ್ರ, ರೋಗಿಯ ಎತ್ತರ, ವಯಸ್ಸು ಸೇರಿಸಿ ಒಂದು ಲೆಕ್ಕ ಹಾಕುತ್ತಾರೆ. ಮೇಯೋ ವರ್ಗೀಕರಣ ಅಂತ ಅದರ ಹೆಸರು. ಸಣ್ಣ ಸಣ್ಣ ಸಿಸ್ಟ್‌ಗಳು ಎಲ್ಲ ಕಡೆ ಹರಡಿರುವ ಕಿಡ್ನಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಐಎಫ್‌ಟಿ140ರವರಲ್ಲಿ ನಾಲ್ಕೈದು ದೊಡ್ಡ ಸಿಸ್ಟ್‌ಗಳೇ ಗಾತ್ರವನ್ನು ಹಿಗ್ಗಿಸಿಬಿಡುತ್ತವೆ. ಸಿಸ್ಟ್‌ಗಳ ನಡುವಿನ ಕಿಡ್ನಿ ಚೆನ್ನಾಗಿಯೇ ಇರುತ್ತದೆ. ಬರೀ ಗಾತ್ರ ನೋಡಿ ಲೆಕ್ಕ ಹಾಕಿದರೆ ‘ವೇಗದ ರೋಗ’ ಅಂತ ಉತ್ತರ ಬರುತ್ತದೆ. ಇಂಥ ಕಿಡ್ನಿಗಳನ್ನು ಬೇರೆ ಗುಂಪಿಗೆ ಹಾಕಬೇಕು ಅಂತ ಆ ವರ್ಗೀಕರಣವೇ ಹೇಳುತ್ತದೆ. ಚಿತ್ರವನ್ನು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ವೇಗದ ರೋಗ ಅಂದರೆ ಟೋಲ್ವಾಪ್ಟಾನ್ ಮಾತ್ರೆಯ ಮಾತು ಬರುತ್ತದೆ. ಅಮೆರಿಕದಲ್ಲಿ ಈ ರೋಗಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕ ಔಷಧ ಅದು. ಪಿಕೆಡಿ1ರ ವೇಗದ ರೋಗಿಗಳಿಗೆ ಉಪಯೋಗ ಇದೆ. ಆದರೆ ತೆಗೆದುಕೊಂಡವರು ದಿನಕ್ಕೆ ಐದಾರು ಲೀಟರ್ ಮೂತ್ರ ಮಾಡುತ್ತಾರೆ, ಅಷ್ಟೇ ನೀರು ಕುಡಿಯಬೇಕು. ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಖರ್ಚು ವರ್ಷಗಟ್ಟಲೆ. ಕಿಡ್ನಿ ಸೋಲುವ ಸಾಧ್ಯತೆಯೇ ಕಡಿಮೆ ಇರುವವರಿಗೆ ಈ ಭಾರ ಹೊರಿಸುವುದು ಯಾಕೆ?

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಐಎಫ್‌ಟಿ140 ದೋಷ ಇದ್ದವರ ಕಿಡ್ನಿ ನಿಜವಾಗಿ ಸೋಲತೊಡಗಿದರೆ ‘ಸಿಸ್ಟ್ ಇತ್ತಲ್ಲ, ಅದಕ್ಕೇ’ ಅಂತ ಕೈತೊಳೆದುಕೊಳ್ಳುವುದು. ಸಕ್ಕರೆ ಕಾಯಿಲೆಯೋ, ಹಿಡಿತಕ್ಕೆ ಬಾರದ ಬಿಪಿಯೋ, ಬೇರೆ ಕಿಡ್ನಿ ರೋಗವೋ ಇದೆಯಾ ಅಂತ ಹುಡುಕಬೇಕಾದ ಜಾಗ ಅದು.

ಕಿಡ್ನಿ ರೋಗಗಳ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2025ರಲ್ಲಿ ತಂದ ಮಾರ್ಗಸೂಚಿ ಇದಕ್ಕೇ ರೋಗದ ಹೆಸರಿನ ಪಕ್ಕ ಜೀನ್ ಹೆಸರನ್ನೂ ಬರೆಯಿರಿ ಅನ್ನುತ್ತದೆ. ಎಡಿಪಿಕೆಡಿ-ಪಿಕೆಡಿ1, ಎಡಿಪಿಕೆಡಿ-ಐಎಫ್‌ಟಿ140 ಹೀಗೆ. ಸಣ್ಣ ಬದಲಾವಣೆ ಅನ್ನಿಸುತ್ತದೆ. ರಿಪೋರ್ಟ್ ಹಿಡಿದು ರಾತ್ರಿ ಮೊಬೈಲ್ ನೋಡುವವರಿಗೆ ಅದು ಸಣ್ಣದಲ್ಲ.

ಇಷ್ಟು ವರ್ಷ ಇದು ಕಣ್ಣು ತಪ್ಪಿಸಿಕೊಂಡಿದ್ದು ಹೇಗೆ ಅನ್ನುವುದಕ್ಕೂ ಒಂದು ಕಾರಣ ನಕ್ಷೆಯಲ್ಲೇ ಇದೆ. ಐಎಫ್‌ಟಿ140 ಇರುವುದು 16ನೇ ಕ್ರೋಮೋಸೋಮ್‌ನಲ್ಲಿ. ಪಿಕೆಡಿ1 ಕೂಡ ಅಲ್ಲೇ. ಎರಡರ ನಡುವೆ ಸುಮಾರು ಐದು ಲಕ್ಷ ಡಿಎನ್‌ಎ ಅಕ್ಷರಗಳ ಅಂತರ. ಜೀನೋಮ್ ಲೆಕ್ಕದಲ್ಲಿ ಅದು ಪಕ್ಕದ ಬೀದಿ. ಕುಟುಂಬದಲ್ಲಿ ರೋಗ ಯಾವ ತುಣುಕಿನ ಜೊತೆ ಇಳಿದು ಬರುತ್ತದೆ ಅಂತ ನೋಡುವ ಹಳೆಯ ವಿಧಾನದಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಸಾಲದ್ದಕ್ಕೆ ಪಿಕೆಡಿ1ಕ್ಕೆ ಅದೇ ಕ್ರೋಮೋಸೋಮ್‌ನಲ್ಲಿ ಆರು ಸುಳ್ಳು ನಕಲುಗಳಿವೆ. ಅಕ್ಷರ ಅಕ್ಷರವೂ ಹೆಚ್ಚುಕಮ್ಮಿ ಅದೇ. ಸಾಮಾನ್ಯ ಪರೀಕ್ಷೆ ಅಲ್ಲಿ ತಡವರಿಸುತ್ತದೆ. ಹಾಗಾಗಿ ಪಿಕೆಡಿ1 ಸರಿ ಇದೆ ಅಂತ ಬಂದರೂ ‘ಪರೀಕ್ಷೆಯೇ ತಪ್ಪಿರಬೇಕು’ ಅಂತ ನಂಬುವುದು ಸುಲಭವಾಗಿತ್ತು. ಎಷ್ಟೋ ಸಲ ಆ ನಂಬಿಕೆ ಸರಿಯೂ ಆಗಿತ್ತು.

ನಮ್ಮ ಕಡೆಗೆ ಇದು ಯಾಕೆ ಮುಖ್ಯ ಅನ್ನುವುದು ಈಗ ಬರುತ್ತದೆ. ಕರ್ನಾಟಕದಲ್ಲಿ ಸೋದರಮಾವ, ಅತ್ತೆ ಮಗ, ಮಾವನ ಮಗಳು ಹೀಗೆ ಸಂಬಂಧದಲ್ಲೇ ಮದುವೆ ಆಗುವುದು ಹೊಸದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಗಳಲ್ಲಿ ಕಾಲು ಭಾಗದಷ್ಟು ಇಂಥವು. ಈಗ ಲೆಕ್ಕ ಹಾಕಿ. ಒಬ್ಬ ಹುಡುಗಿಗೆ ಐಎಫ್‌ಟಿ140ರ ಒಂದು ಕೆಟ್ಟ ಪ್ರತಿ ಅಪ್ಪ ಅಥವಾ ಅಮ್ಮನಿಂದ ಬಂದಿದೆ ಅಂತಿಟ್ಟುಕೊಳ್ಳೋಣ. ಅದೇ ಕೆಟ್ಟ ಪ್ರತಿ ಅವಳ ಸೋದರಮಾವನಲ್ಲೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅತ್ತೆ ಮಗನಾದರೆ ಎಂಟರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಒಟ್ಟಾರೆ ಸೋದರಮಾವನ ಜೊತೆ ಮದುವೆಯಾದರೆ ಹದಿನಾರರಲ್ಲಿ ಒಂದು, ಅತ್ತೆ ಮಗನ ಜೊತೆಯಾದರೆ ಮೂವತ್ತೆರಡರಲ್ಲಿ ಒಂದು. ಹೊರಗಿನವರನ್ನು ಮದುವೆಯಾದಾಗ ಈ ಸಂಖ್ಯೆ ತುಂಬಾ ಕೆಳಗಿರುತ್ತದೆ.

ಹೊಸ ತಿಳಿವಳಿಕೆ ಇಲ್ಲಿ ಒಂದು ವಿಚಿತ್ರ ತಿರುವು ಕೊಡುತ್ತದೆ. ಮೊದಲೆಲ್ಲ ಕ್ಯಾರಿಯರ್‌ಗಳನ್ನು ಹೊರಗಿನಿಂದ ಗುರುತಿಸುವ ದಾರಿಯೇ ಇರಲಿಲ್ಲ. ಕಾಯಿಲೆಯ ಮಗು ಹುಟ್ಟಿದ ಮೇಲೇ ಅಪ್ಪ ಅಮ್ಮನಿಗೆ ಗೊತ್ತಾಗುತ್ತಿತ್ತು. ಈಗ ತಾತನ ಕಿಡ್ನಿಯ ನಾಲ್ಕು ಸಿಸ್ಟ್ ಕೂಡ ಒಂದು ಸುಳಿವು ಆಗಬಲ್ಲದು. ಉಲ್ಟಾ ದಿಕ್ಕಿನಲ್ಲೂ ಅಷ್ಟೆ. ಜ್ಯೂನ್ ಅಥವಾ ಮೈನ್ಜರ್-ಸಾಲ್ಡಿನೋ ಮಗುವಿನಲ್ಲಿ ಐಎಫ್‌ಟಿ140 ಸಿಕ್ಕರೆ ಅಪ್ಪ ಅಮ್ಮನಿಗೂ ಒಂದು ಸ್ಕ್ಯಾನ್, ಒಂದು ಬಿಪಿ ನೋಡುವುದು ನ್ಯಾಯ. ಮಗುವಿನ ಓಡಾಟದಲ್ಲಿ ಅಪ್ಪ ಅಮ್ಮನ ಆರೋಗ್ಯ ನೋಡುವವರು ಯಾರೂ ಇರುವುದಿಲ್ಲ. ಹಾಗಂತ ತಾತನಿಗೆ ಸಿಸ್ಟ್ ಇದೆ ಅಂತ ಮನೆಯವರೆಲ್ಲ ಜೀನ್ ಪರೀಕ್ಷೆಗೆ ಓಡಬೇಕಿಲ್ಲ. ವಯಸ್ಸಾದವರ ಕಿಡ್ನಿಯಲ್ಲಿ ಒಂದೆರಡು ಸಾದಾ ಸಿಸ್ಟ್ ಇರುವುದು ಬಹಳ ಸಾಮಾನ್ಯ. ಎರಡೂ ಕಡೆ ಹಲವು ಇದ್ದರೆ, ಅದೂ ಕಡಿಮೆ ವಯಸ್ಸಿನಲ್ಲಿ ಇದ್ದರೆ, ಇಲ್ಲವೇ ಮನೆತನದಲ್ಲಿ ಸಂಬಂಧದ ಮದುವೆಯ ಜೊತೆ ಇಂಥ ಮಗುವಿನ ಇತಿಹಾಸ ಇದ್ದರೆ ಮಾತು ಬೇರೆ.

ಪರೀಕ್ಷೆಯ ಉತ್ತರವೂ ಯಾವಾಗಲೂ ಹೌದು-ಇಲ್ಲ ಅಂತ ಬರುವುದಿಲ್ಲ. ‘ಬದಲಾವಣೆ ಇದೆ, ಅರ್ಥ ಸ್ಪಷ್ಟವಿಲ್ಲ’ ಅನ್ನುವ ಮೂರನೇ ಉತ್ತರವೂ ಇದೆ. ನಮ್ಮವರಿಗೆ ಇದು ಜಾಸ್ತಿ ಬರುತ್ತದೆ. ಹೋಲಿಸಿ ನೋಡುವ ದೊಡ್ಡ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ಕೇರಳದಲ್ಲೋ ಕರಾವಳಿಯಲ್ಲೋ ಸಾಮಾನ್ಯವಾಗಿರುವ ಒಂದು ನಿರುಪದ್ರವಿ ಬದಲಾವಣೆ ಅಲ್ಲಿ ಇಲ್ಲದೆ ಹೋದರೆ ಅಪರೂಪದ್ದು, ಅನುಮಾನದ್ದು ಅನ್ನಿಸುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆ ಈ ಕೊರತೆ ತುಂಬಲು ಹೊರಟದ್ದು. ದೇಶದ ನಾನಾ ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಪೂರ್ತಿ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಇಷ್ಟು ದೊಡ್ಡ ದೇಶಕ್ಕೆ ಹತ್ತು ಸಾವಿರ ಕಡಿಮೆಯೇ. ಆದರೂ ಸೊನ್ನೆಗಿಂತ ಎಷ್ಟೋ ವಾಸಿ.

ವಿಮೆಯ ಚಿಂತೆಯೂ ಸಹಜ. ಜೀನ್ ರಿಪೋರ್ಟ್ ಕೈಯಲ್ಲಿದ್ದರೆ ಕ್ಲೇಮ್ ಕೊಡುವುದಿಲ್ಲವೇನೋ ಅಂತ ಜನ ಪರೀಕ್ಷೆಗೇ ಹಿಂಜರಿಯುತ್ತಾರೆ. ಆನುವಂಶಿಕ ರೋಗ ಅನ್ನುವ ಒಂದೇ ಕಾರಣಕ್ಕೆ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2018ರ ಮಾರ್ಚ್‌ನಲ್ಲೇ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುವುದು ಬೇರೆ ವಿಷಯ. ಅದು ಬಿಪಿಗೂ ಇದೆ, ಇದಕ್ಕೂ ಇದೆ.

ಹಳೆಯ ರಿಪೋರ್ಟ್ ಇರುವವರಿಗೆ ಒಂದು ಕೆಲಸ ಬಾಕಿ ಇದೆ. 2022ಕ್ಕೆ ಮುಂಚೆ ಕಿಡ್ನಿ ಸಿಸ್ಟ್‌ಗಾಗಿ ಜೀನ್ ಪರೀಕ್ಷೆ ಮಾಡಿಸಿ ‘ಏನೂ ಸಿಗಲಿಲ್ಲ’ ಅಂತ ಬಂದಿದ್ದರೆ, ಅವತ್ತು ನೋಡಿದ ಜೀನ್‌ಗಳ ಪಟ್ಟಿ ರಿಪೋರ್ಟಿನ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ಐಎಫ್‌ಟಿ140 ಇದೆಯಾ ನೋಡಿ. ಇದ್ದರೂ, ಒಂದೇ ಪ್ರತಿಯ ದೋಷವನ್ನು ‘ಕ್ಯಾರಿಯರ್’ ಅಂತ ಬದಿಗಿಟ್ಟಿದ್ದರೋ ಹೇಗೆ ಅಂತ ಕೇಳಿ. ಎಕ್ಸೋಮ್ (ಜೀನೋಮ್‌ನಲ್ಲಿ ಪ್ರೋಟೀನ್‌ಗೆ ಸೂಚನೆ ಕೊಡುವ ಭಾಗ ಮಾತ್ರ) ಅಥವಾ ಪೂರ್ತಿ ಜೀನೋಮ್ ಓದಿಸಿದ್ದರೆ ಮತ್ತೆ ರಕ್ತ ಕೊಡುವ ಅಗತ್ಯ ಬೀಳದಿರಬಹುದು. ಕಚ್ಚಾ ದತ್ತಾಂಶ ಇನ್ನೂ ಇಟ್ಟುಕೊಂಡಿದ್ದರೆ ಅದನ್ನೇ ಮತ್ತೊಮ್ಮೆ ನೋಡಲು ಪ್ರಯೋಗಾಲಯಕ್ಕೆ ಹೇಳಬಹುದು.